ತಾಯತದ ಜೊತೆ ಒಂದು ಫೈಲೂ ಇರಲಿ

ಶೆಟ್ಟಿಹಳ್ಳಿಯ ಅಕ್ಕಂದಿರೇ, ಅಣ್ಣಂದಿರೇ, ನಡೆಯುತ್ತಿದ್ದ ಮಗು ಪದೇಪದೇ ಬೀಳತೊಡಗಿದರೆ, ಹೊಟ್ಟೆ ಸುಮ್ಮಸುಮ್ಮನೆ ದಪ್ಪವಾಗುತ್ತಿದ್ದರೆ ದೃಷ್ಟಿ ತೆಗೆದು ಸುಮ್ಮನಾಗಬೇಡಿ. ತಾಯತ ಕಟ್ಟುವುದಾದರೆ ಕಟ್ಟಿ, ನನ್ನ ತಕರಾರಿಲ್ಲ, ಡಾಕ್ಟರಿಗೂ ತೋರಿಸಿ. ಅದು ಅಪರೂಪದ ಕಾಯಿಲೆಯೂ ಆಗಿರಬಹುದು.

ಅಂಥ ಕಾಯಿಲೆ ನಮ್ಮ ನಾಡಿನಲ್ಲೂ ಉಂಟು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಕೀಲು-ಮೂಳೆ ಸವೆಸುವ ರೋಗ ಬೆಳಕಿಗೆ ಬಂದದ್ದು 1970ರ ದಶಕದಲ್ಲಿ. ನರಳಿದವರು ಹೆಚ್ಚಾಗಿ ದಲಿತ ಕೂಲಿಕಾರರು. ಅದನ್ನು ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ. ಬಡವರ ರೋಗವೆಂದರೆ ಯಾರಿಗೂ ಅವಸರವಿಲ್ಲ ಅನ್ನಿಸುತ್ತದೆ ನನಗೆ.

ಆದರೂ ಕೈಚೆಲ್ಲಬೇಡಿ. ತುಮಕೂರಿನ ಆಸ್ಪತ್ರೆಯಲ್ಲಿ ಕಾಯಿಲೆ ಯಾವುದೆಂದು ತಿಳಿಯದಿದ್ದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಚೀಟಿ ಬರೆದುಕೊಡಿ ಎಂದು ಕೇಳಿ, ಸಂಕೋಚ ಬೇಡ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ ಗುರುತಿಸಿದ ಕೇಂದ್ರ ಅಲ್ಲಿದೆ. ಆ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 50 ಲಕ್ಷ ರೂಪಾಯಿವರೆಗೆ ನೆರವುಂಟು. ಹಣ ಬರುವುದು ಆಸ್ಪತ್ರೆಗೆ, ನಿಮ್ಮ ಕೈಗಲ್ಲ. ಕೊಡಿಸುತ್ತೇನೆಂದು ಕಮಿಷನ್ ಕೇಳುವವರನ್ನು ಹೊಸಿಲಾಚೆಯೇ ನಿಲ್ಲಿಸಿ.

ಹೊರಡುವಾಗ ತಾಯಿ ಕಾರ್ಡು, ರಕ್ತಪರೀಕ್ಷೆಯ ರಿಪೋರ್ಟು, ಡಿಸ್ಚಾರ್ಜ್ ಚೀಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ತಾರೀಖಿನಂತೆ ಜೋಡಿಸಿಕೊಳ್ಳಿ. ಸೋದರಮಾವನನ್ನೋ ಅತ್ತೆಮಗನನ್ನೋ ಮದುವೆಯಾಗಿದ್ದರೆ ಮುಚ್ಚಿಡಬೇಡಿ. ಡಾಕ್ಟರು ಅದನ್ನು ಕೇಳುವುದು ತಪ್ಪು ಹೊರಿಸಲಿಕ್ಕಲ್ಲ, ಯಾವ ಪರೀಕ್ಷೆ ಮೊದಲು ಮಾಡಿಸಬೇಕೆಂದು ತೀರ್ಮಾನಿಸಲಿಕ್ಕೆ.