ತೆರ, ಹುಂಡಾ ಮತ್ತು ಪಂಚಮಿಯ ಸೀರೆ

(ಬಿ. ಎ. ಅಂತಿಮ ವರ್ಗದ ವಿದ್ಯಾರ್ಥಿನಿ)

ಲಗ್ನವೆಂಬುದು ಎರಡು ಜೀವಗಳ ಕೂಡುವಿಕೆಯೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅದು ನಿಜವಾದ ಮಾತು. ಆದರೆ ನಮ್ಮ ಸಂಕೇಶ್ವರದ ಕಡೆಗೆ ಲಗ್ನದ ಮಾತುಕತೆ ನಡೆಯುವಾಗ ಪಡಸಾಲೆಯಲ್ಲಿ ಕುಳಿತವರ ಮುಂದೆ ಪಂಚಾಂಗದ ಜೊತೆಗೆ ಲೆಕ್ಕದ ವಹಿಯೂ ತೆರೆದಿರುತ್ತದೆ. ನನ್ನ ಅಕ್ಕನ ಲಗ್ನದ ವಹಿಯನ್ನು ಬರೆದವಳು ನಾನೇ. ‘ನಿನ್ನ ಅಕ್ಷರಾ ದುಂಡಗ ಅದಾವು, ನೀನs ಬರಿ’ ಎಂದು ಅಪ್ಪ ಹೇಳಿದ. ಕಬ್ಬಿನ ಬಿಲ್ಲು, ಪತ್ತಿನ ಸಂಘದ ಸಾಲ, ಮಾರಿದ ಎಮ್ಮೆ, ಇವು ಜಮಾ. ಬಂಗಾರ, ಬಟ್ಟೆ, ಭಾಂಡೆ, ಮೋಟಾರ್ ಸೈಕಲ್, ಇವು ಖರ್ಚು. ಬರೆದು ಮುಗಿಸಿದ ಮೇಲೆ ಒಂದು ಸಂದೇಹ ನನ್ನನ್ನು ಹಿಡಿಯಿತು. ಇಷ್ಟೊಂದು ಹಣ ಅಕ್ಕನ ಹೆಸರಿನಲ್ಲಿ ಓಡಾಡಿತಲ್ಲ, ಇದರಲ್ಲಿ ಅಕ್ಕನದೆಂಬುದು ಎಷ್ಟು?

ಆ ಸಂದೇಹವೇ ಈ ಲೇಖನಕ್ಕೆ ಕಾರಣ. ಹೆಣ್ಣಿಗೂ ಹಣಕ್ಕೂ ಇರುವ ಸಂಬಂಧವನ್ನು ನಮ್ಮ ಸಮಾಜ ಹೇಗೆ ಕಟ್ಟಿದೆ, ಕಾಯದೆ ಅದನ್ನು ಎಷ್ಟರಮಟ್ಟಿಗೆ ತಿದ್ದಿದೆ, ತಿದ್ದದೆ ಉಳಿದುದು ಏನು ಎಂಬುದನ್ನು ನನ್ನ ಅಲ್ಪಮತಿಗೆ ತಿಳಿದಷ್ಟು ವಿವರಿಸಲು ಯತ್ನಿಸುತ್ತೇನೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.

1. ತೆರ

ನಮ್ಮ ಆಯಿಯ ಮುಂದೆ ಹುಂಡಾದ ಮಾತು ತೆಗೆದರೆ ಆಕೆ ನಗುತ್ತಾಳೆ. ‘ನಮ್ಮ ಕಾಲಕ್ಕ ಗಂಡಿನವರs ತೆರಾ ಕೊಟ್ಟ ಕರಕೊಂಡ ಹೋಗತಿದ್ರವ್ವಾ’ ಎನ್ನುತ್ತಾಳೆ. ತೆರವೆಂದರೆ ವರನ ಕಡೆಯವರು ಕನ್ಯೆಯ ತಂದೆಗೆ ಕೊಡುತ್ತಿದ್ದ ಹಣ. ಒಕ್ಕಲುತನದ ಹಾಗೂ ಕೈಕಸುಬಿನ ಅನೇಕ ಜಾತಿಗಳಲ್ಲಿ ಈ ರೂಢಿಯಿತ್ತು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬವನ್ನು ಕುರಿತು 1942ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೆರದ ವಿಚಾರವಿದೆ. ಹೊಲದಲ್ಲಿ ದುಡಿಯುವ ಎರಡು ಕೈಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತವೆ; ಕಳೆದುಕೊಂಡ ಮನೆಗೆ ಪಡೆದ ಮನೆ ಏನಾದರೂ ಕೊಡಬೇಕು. ಇದು ಅದರ ಹಿಂದಿನ ತರ್ಕ.

ಹಾಗಾದರೆ ಅದು ಹೆಣ್ಣಿಗೆ ಒಳ್ಳೆಯ ಕಾಲವೇ? ಹಾಗೆನ್ನಲಾಗದು. ಹಣ ಕೊಟ್ಟು ತಂದವಳ ಮೇಲೆ ಕೊಟ್ಟವನಿಗೆ ಅಧಿಕಾರ. ಹಣದ ಆಸೆಗೆ ಮುದುಕನಿಗೂ ಮಗಳನ್ನು ಕೊಡುವ ತಂದೆ. 1887ರಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು ಬರೆದ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಈ ಕನ್ಯಾವಿಕ್ರಯದ ಅನಿಷ್ಟವನ್ನೇ ಕುರಿತದ್ದು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ಹೆಸರಾದ ಕೃತಿಯೇ ಹೆಣ್ಣು ಮತ್ತು ಹಣದ ವಿಷಯವನ್ನು ಎತ್ತಿಕೊಂಡಿತೆಂಬುದು ವಿಚಾರಾರ್ಹವಾಗಿದೆ.

ಇದು ನಮ್ಮಲ್ಲಿ ಮಾತ್ರವಲ್ಲ. ಆಫ್ರಿಕೆಯ ನೈಜೀರಿಯದಲ್ಲಿ ವಧುದಕ್ಷಿಣೆ ಇಂದಿಗೂ ರೂಢಿಯಲ್ಲಿದೆ. ಅಲ್ಲಿಯ ಪೂರ್ವ ಪ್ರಾಂತದ ಸರಕಾರ 1956ರಲ್ಲಿ ಕಾಯದೆ ಮಾಡಿ ಅದು 30 ಪೌಂಡು ಮೀರಕೂಡದೆಂದು ಗೊತ್ತುಪಡಿಸಿತು. ಆ ನಾಡಿನ ಲೇಖಕಿ ಬುಚಿ ಎಮೆಚೆಟಾ 1976ರಲ್ಲಿ ವಧುದಕ್ಷಿಣೆಯ ಹೆಸರಿನಲ್ಲೇ ಒಂದು ಕಾದಂಬರಿ ಬರೆದರು. ತನ್ನ ಬೆಲೆ ಸಲ್ಲದೆ ಮದುವೆಯಾದ ಹುಡುಗಿಗೆ ಕೇಡು ತಪ್ಪದೆಂಬ ನಂಬಿಕೆಯ ಭಾರ ಅದರಲ್ಲಿ ಒಂದು ಎಳೆಯ ಜೀವದ ಮೇಲೆ ಬೀಳುತ್ತದೆ. ಅಲ್ಲಿ ಹಣ ಒಂದು ದಿಕ್ಕಿಗೆ ಹರಿಯುತ್ತದೆ, ಇಲ್ಲಿ ಇನ್ನೊಂದು ದಿಕ್ಕಿಗೆ. ಎರಡೂ ಕಡೆ ಅದು ಹುಡುಗಿಯ ಕೈಯನ್ನು ಮುಟ್ಟದೆ ಹೋಗುತ್ತದೆ.

2. ಹುಂಡಾ

ತೆರ ಹೋಗಿ ಹುಂಡಾ ಬಂದುದು ಹೇಗೆ? ಶ್ರೀನಿವಾಸರೇ 1984ರಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದರು. ಇಂದಿನ ಹುಂಡಾ ಪುರಾತನ ಸಂಪ್ರದಾಯವಲ್ಲ, ಬ್ರಿಟಿಷರ ಕಾಲದಲ್ಲಿ ವಿದ್ಯೆ ಮತ್ತು ಸಂಬಳದ ನೌಕರಿ ಬಂದ ಮೇಲೆ ಬೆಳೆದದ್ದು ಎಂಬುದು ಅವರ ಅಭಿಪ್ರಾಯ. ನೌಕರಿಯ ವರರು ಕೆಲವರು, ಬೇಕೆನ್ನುವ ತಂದೆಯರು ಹಲವರು; ಆದುದರಿಂದ ಬೆಲೆ ಏರಿತು. ಮೇಲಿನವರು ಮಾಡಿದ್ದನ್ನು ಉಳಿದವರು ಪ್ರತಿಷ್ಠೆಯೆಂದು ಅನುಸರಿಸಿದರು. ಹೊಲದಲ್ಲಿ ದುಡಿಯುವ ಸೊಸೆ ಬೇಡ, ಮನೆಯಲ್ಲಿ ಕೂಡುವ ಸೊಸೆ ಬೇಕು ಎಂದಾಗ ಅವಳ ದುಡಿಮೆಗೆ ಬೆಲೆಯಿಲ್ಲವಾಯಿತು. ಅವಳು ತರುವುದಕ್ಕೆ ಬೆಲೆ ಬಂದಿತು.

ಹುಂಡಾ ನಿಷೇಧದ ಕಾಯದೆ 1961ರ ಜುಲೈ 1ರಿಂದ ಜಾರಿಯಲ್ಲಿದೆ. 1984 ಮತ್ತು 1986ರಲ್ಲಿ ಅದನ್ನು ಬಿಗಿಗೊಳಿಸಲಾಯಿತು. ಈಗ ಅದರಂತೆ ಹುಂಡಾ ತೆಗೆದುಕೊಳ್ಳುವವರಿಗೂ ಕೊಡುವವರಿಗೂ ಸಾಮಾನ್ಯವಾಗಿ 5 ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. 15,000 ರೂಪಾಯಿ ಅಥವಾ ಹುಂಡಾದ ಮೌಲ್ಯ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟಕ್ಕೆ ಕಡಿಮೆಯಿಲ್ಲದ ದಂಡ. ಬೇಡುವುದೂ ಅಪರಾಧ. ಅಷ್ಟೇ ಅಲ್ಲ, ಯಾರಾದರೂ ಪಡೆದಿದ್ದ ಪಕ್ಷದಲ್ಲಿ ಅದನ್ನು ಲಗ್ನವಾದ 3 ತಿಂಗಳೊಳಗೆ ಆ ಹೆಣ್ಣಿಗೇ ಒಪ್ಪಿಸತಕ್ಕದ್ದೆಂದು 6ನೆಯ ಕಲಮು ಹೇಳುತ್ತದೆ. ಸ್ತ್ರೀಧನವು ಹೆಂಡತಿಯ ಸ್ವಂತ ಸ್ವತ್ತು, ಗಂಡ ಅದಕ್ಕೆ ಪಾಲುದಾರನಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ತೀರ್ಪಿತ್ತಿದೆ.

ಆದರೆ ನಮ್ಮ ವಹಿಯಲ್ಲಿ ‘ಹುಂಡಾ’ ಎಂಬ ಶಬ್ದವೇ ಇರಲಿಲ್ಲ. ‘ವರನ ಉಪಚಾರ’ ಎಂದು ಬರೆಯಲು ಹೇಳಿದರು, ಹಾಗೆಯೇ ಬರೆದೆ. ಅಕ್ಕನ ಬಂಗಾರ ಇಂದು ಬ್ಯಾಂಕಿನಲ್ಲಿ ಒತ್ತೆಯಿದೆ. ಅವಳ ಮೈದುನನ ಓದಿಗೆಂದು ಇಟ್ಟದ್ದು. ಯಾರೂ ಕೆಟ್ಟವರಲ್ಲ. ಅವಳನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ಈಚೆಗೆ ಗಾಳಿ ಬೇರೆ ಕಡೆಗೂ ಬೀಸುತ್ತಿದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಕನ್ಯೆ ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಅವರಲ್ಲಿ ಬಹಳ ಮಂದಿ ರೈತರ ಮಕ್ಕಳು. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಆರು ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡಿಗೆ 948 ಹೆಣ್ಣು. ಕನ್ಯೆಯರು ಕಡಿಮೆಯಾದರೆ ಹುಂಡಾ ತಾನಾಗಿ ಹೋದೀತೆಂದು ಕೆಲವರು ಹೇಳುವುದುಂಟು. ನನಗೆ ಆ ನಂಬಿಕೆಯಿಲ್ಲ. ತೆರ ಹೋದಾಗ ಹೆಣ್ಣು ಸ್ವತಂತ್ರಳಾಗಲಿಲ್ಲ. ಹುಂಡಾ ಹೋದರೂ ಅಷ್ಟರಿಂದಲೇ ಆಗಲಾರಳು.

3. ಉತಾರದಲ್ಲಿ ಹೆಸರು

ಹುಂಡಾವನ್ನು ಸಮರ್ಥಿಸುವವರು ಒಂದು ಮಾತು ಹೇಳುತ್ತಾರೆ: ‘ಹೊಲದಾಗ ಪಾಲ ಕೊಡಂಗಿಲ್ಲ, ಅದಕ್ಕ ಲಗ್ನದಾಗ ಕೊಡತೀವಿ.’ ಈ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ.

ಒಬ್ಬ ರೈತನಿಗೆ ಪಿತ್ರಾರ್ಜಿತವಾದ 12 ಎಕರೆ ಹೊಲವಿದೆ ಎಂದು ತಿಳಿಯಿರಿ. ಹೆಂಡತಿ ಮೊದಲೇ ತೀರಿಕೊಂಡಿದ್ದಾಳೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮೃತ್ಯುಪತ್ರ ಬರೆಯದೆ ಅವನು ತೀರಿಕೊಂಡ. 1956ಕ್ಕಿಂತ ಮುಂಚೆ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಭಾಗದಲ್ಲಿ ಆ ಮಗಳಿಗೆ ಈ ಹೊಲದಲ್ಲಿ ಪಾಲಿಲ್ಲ. ಅನ್ನ, ವಸ್ತ್ರ, ಲಗ್ನದ ಖರ್ಚು, ಇಷ್ಟೆ. 1956ರ ಹಿಂದೂ ಉತ್ತರಾಧಿಕಾರ ಕಾಯದೆಯ ಮೇರೆಗೆ ಮೊದಲು ತಂದೆ ಮತ್ತು ಇಬ್ಬರು ಮಕ್ಕಳಿಗೆ ತಲೆಗೆ 4 ಎಕರೆ. ಆ ಬಳಿಕ ತಂದೆಯ 4 ಎಕರೆಯಲ್ಲಿ ಮೂವರಿಗೂ ಸಮಪಾಲು. ಮಗಳಿಗೆ ಬಂದದ್ದು 1 ಎಕರೆ 13 ಗುಂಟೆಯಷ್ಟು, ಒಬ್ಬೊಬ್ಬ ಮಗನಿಗೆ 5 ಎಕರೆ 13 ಗುಂಟೆಯಷ್ಟು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಲಗ್ನವಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಲೇಬೇಕೆಂಬ ಕಟ್ಟಿಲ್ಲವೆಂದು 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ತಿಳಿಸಿತು. ಇಂದಿನ ಲೆಕ್ಕದಲ್ಲಿ ಮೂವರಿಗೂ 4 ಎಕರೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ರೀತಿಪ್ರಕಾರ ಆಗಿಹೋದ ವಾಟ್ನಿಗಳು ಮಾತ್ರ ಹಾಗೆಯೇ ಉಳಿಯುತ್ತವೆ.

ನೀರಾವರಿಯ 4 ಎಕರೆಯ ಬೆಲೆಯೆಷ್ಟು, ಲಗ್ನದಲ್ಲಿ ಕೊಟ್ಟ ಬಂಗಾರದ ಬೆಲೆಯೆಷ್ಟು ಎಂಬುದನ್ನು ವಾಚಕರೇ ಹೋಲಿಸಿ ನೋಡಬಹುದು. ಹೊಲ ವರುಷವರುಷ ಬೆಳೆ ಕೊಡುತ್ತದೆ. ಮೋಟಾರ್ ಸೈಕಲ್ಲು ಎಣ್ಣೆ ಕೇಳುತ್ತದೆ.

ಇನ್ನು ನನ್ನ ಮನಸ್ಸನ್ನು ಕೊರೆಯುವ ಸಂಗತಿಯನ್ನು ಹೇಳಬೇಕು. ನಮ್ಮ ಅಜ್ಜ ತೀರಿಕೊಂಡ ವರುಷ ಪಂಚಮಿ ಹಬ್ಬಕ್ಕೆ ಮಾಮಾ ನಮ್ಮವ್ವನನ್ನು ಕರೆಯಲು ಬಂದ. ಜೊತೆಗೆ ನಾನೂ ಹೋದೆ. ಜೋಕಾಲಿ ಆಡಿದೆವು, ಉಂಡಿ ತಿಂದೆವು. ಮರುದಿನ ಮಾಮಾ ಒಂದು ಸ್ಟಾಂಪ್ ಕಾಗದ ತಂದು, ‘ಕಾಲೇಜ ಕಲ್ಯಾಕತ್ತೀಯಲ್ಲಾ, ನಿಮ್ಮವ್ವಗ ಓದಿ ಹೇಳ’ ಎಂದ. ನಾನು ಹೆಮ್ಮೆಯಿಂದ ಗಟ್ಟಿಯಾಗಿ ಓದಿದೆ. ‘ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ’ ಎಂಬ ಮಾತನ್ನೂ ಓದಿದೆ. ಅವ್ವ ಸಹಿ ಮಾಡಿದಳು. ಮಾಮಿ ಉಡಿ ತುಂಬಿ ಒಂದು ಇಳಕಲ್ಲ ಸೀರೆ ಕೊಟ್ಟಳು. ಅದು ಹಕ್ಕು ಬಿಟ್ಟುಕೊಡುವ ಪತ್ರವೆಂದು ನನಗೆ ತಿಳಿದದ್ದು ಆಮೇಲೆ, ವರ್ಗದಲ್ಲಿ ಗುರುಗಳು ಉತ್ತರಾಧಿಕಾರದ ಕಾಯದೆಯನ್ನು ಕಲಿಸಿದ ದಿನ.

ಆ ಸಂಜೆ ಮನೆಗೆ ಹೋಗಿ ಅಳುತ್ತ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

‘ನಂಗ ಗೊತ್ತಿತ್ತವ್ವಾ’ ಎಂದಳು. ‘ಹೊಲಾ ಬೇಡಿದ್ರ ಹೊಲಾ ಸಿಗತಿತ್ತು, ಅಣ್ಣ ಸಿಗತಿರಲಿಲ್ಲ. ನಾಳೆ ನಂಗ ಏನರೆ ಆದ್ರ ಯಾರ ಬಾಗಲಾ ಬಡೀಲಿ?’

ಅವಳನ್ನು ಅಜ್ಞಾನಿಯೆಂದು ತಿಳಿದಿದ್ದ ನಾನು ಸುಮ್ಮನಾದೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಅವಳು ಆಸ್ತಿಯನ್ನು ಕೊಟ್ಟು ವಿಮೆಯನ್ನು ಕೊಂಡಿದ್ದಳು. ಗಂಡನ ಮನೆಯಲ್ಲಿ ಹೆಸರಿಲ್ಲದ, ಸ್ವಂತ ಗಳಿಕೆಯಿಲ್ಲದ ಹೆಣ್ಣಿಗೆ ತವರಿನ ಬಾಗಿಲೊಂದೇ ಆಸರೆ. ಆ ವಿಮೆಯ ಕಂತು 4 ಎಕರೆ ಹೊಲ. ರಸೀದಿ ವರುಷಕ್ಕೊಂದು ಪಂಚಮಿಯ ಸೀರೆ. ಕಾಯದೆ ಅವಳ ಹೆಸರನ್ನು ಉತಾರದಲ್ಲಿ ಬರೆಸಬಲ್ಲದು. ಬಾಗಿಲು ತೆರೆದಿಡಬೇಕೆಂದು ಅಣ್ಣನಿಗೆ ಹೇಳಲಾರದು.

4. ಸ್ವಂತದ ದುಡ್ಡು

ಹಾಗಾದರೆ ಉಪಾಯವೇನು? ಹೆಣ್ಣು ದುಡಿಯಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಕಡೆಯ ಹೆಣ್ಣು ದುಡಿಯದೆ ಇದ್ದುದು ಯಾವಾಗ? ಸಂಕೇಶ್ವರದ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೈ, ಕಬ್ಬಿನ ಕಳೆ ತೆಗೆಯುವ ಕೈ, ನಿಪ್ಪಾಣಿಯಲ್ಲಿ ತಂಬಾಕು ಹಸನು ಮಾಡಿ ಬೀಡಿ ಕಟ್ಟಿದ ಕೈ, ಇವೆಲ್ಲ ಹೆಣ್ಣಿನವೇ. ಸಮಾನ ಕೆಲಸಕ್ಕೆ ಸಮಾನ ವೇತನದ ಕಾಯದೆ 1976ರಲ್ಲೇ ಬಂದಿದೆ. ಹೊಲದ ಬದುವಿನ ಮೇಲೆ ಗಂಡಾಳಿನ ಪಗಾರ ಬೇರೆ, ಹೆಣ್ಣಾಳಿನದು ಬೇರೆ. ಹೆಣ್ಣು ದುಡಿಯುವುದು ಹೊಸದಲ್ಲ. ದುಡಿದ ಹಣ ಅವಳ ಹೆಸರಿನಲ್ಲಿ ನಿಲ್ಲುವುದು ಹೊಸದು. 2023ರ ಆಗಸ್ಟ್ 30ರಂದು ‘ಗೃಹಲಕ್ಷ್ಮಿ’ ಯೋಜನೆ ಆರಂಭವಾಗಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಬರುವಂತಾದಾಗ ಅವ್ವನ ಕೈಯಲ್ಲಿ ಮೊದಲ ಸಲ ಅವಳ ಹೆಸರಿನ ಪಾಸ್‌ಬುಕ್ಕು ಬಂದಿತು. ಅದನ್ನು ಆಕೆ ದೇವರ ಜಗುಲಿಯ ಮೇಲೆ ಇಟ್ಟಿದ್ದಾಳೆ. ಆ ಹಣದಲ್ಲಿ ನನ್ನ ಪರೀಕ್ಷೆಯ ಫೀ ತುಂಬಿದವಳೂ ಆಕೆಯೇ.

ಕಾಲೇಜಿನಲ್ಲಿ ಓದುವ ನಮ್ಮ ಸ್ಥಿತಿಯನ್ನೂ ನೋಡಬೇಕು. ಹುಡುಗರು, ಹುಡುಗಿಯರು ಗೆಳೆತನದಿಂದ ಕೂಡಿ ಚಹಾ ಕುಡಿಯುವುದು ಇಂದು ಅಪರೂಪವಲ್ಲ. ಆದರೆ ಹುಡುಗ ಚಹಾದ ದುಡ್ಡು ಕೊಟ್ಟರೆ ‘ಅವಳು ಅವನಿಂದ ತಿಂತಾಳ’ ಎಂದು ಹುಡುಗಿಗೆ ಮಾತು; ಹುಡುಗಿ ಕೊಟ್ಟರೆ ‘ಎಂಥಾ ಗಂಡಸೋ’ ಎಂದು ಹುಡುಗನಿಗೆ ನಗೆ. ಆತ ಮೊಬೈಲಿಗೆ ಹಣ ಹಾಕಿಸಿದರೆ, ಹುಟ್ಟುಹಬ್ಬಕ್ಕೆ ಒಂದು ಕಾಣಿಕೆ ಕೊಟ್ಟರೆ, ತನ್ನ ಮಾತನ್ನು ಅವಳು ಕೇಳತಕ್ಕದ್ದೆಂಬ ಭಾವನೆ ಮೆಲ್ಲನೆ ಮೊಳೆಯುತ್ತದೆ. ಇದು ಚಿಕ್ಕ ತೆರವಲ್ಲದೆ ಮತ್ತೇನು? ನಾವು ಗೆಳತಿಯರು ನಮ್ಮ ನಮ್ಮ ಚಹಾದ ದುಡ್ಡನ್ನು ನಾವೇ ಕೊಡುವುದೆಂದು ನಿಶ್ಚಯಿಸಿದೆವು. ಮೊದಲು ನಕ್ಕರು, ಈಗ ಯಾರೂ ನಗುವುದಿಲ್ಲ. ದೊಡ್ಡ ರೂಢಿಗಳನ್ನು ಮುರಿಯುವ ಅಭ್ಯಾಸ ಇಂಥ ಚಿಕ್ಕ ಲೆಕ್ಕಗಳಿಂದ ಆರಂಭವಾಗುತ್ತದೆಂದು ನನ್ನ ಭಾವನೆ.

ಉಪಸಂಹಾರ

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತಿದೆ. ಗಂಡ ಮಾರಯ್ಯ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಹೇಳಿದ ಶರಣೆ ಆಕೆ. ಆ ಕಥೆಯನ್ನು ನಾವು ನಿರಾಶೆಯ, ಅಂದರೆ ಆಸೆಯಿಲ್ಲದ ಬಾಳಿನ ಪಾಠವೆಂದು ಕೇಳುತ್ತೇವೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ಮನೆಗೆ ಏನು ಬರಬೇಕು, ಏನು ಬರಕೂಡದು ಎಂಬುದನ್ನು ನಿರ್ಣಯಿಸುವ ಅಧಿಕಾರ ಅವಳಿಗಿತ್ತು. ಗಂಡ ಅದನ್ನು ಕೇಳಿದ. ನಮ್ಮ ಲಗ್ನದ ಪಡಸಾಲೆಗಳಲ್ಲಿ ಆ ಅಧಿಕಾರ ಯಾವ ಹುಡುಗಿಗಿದೆ?

ಪರೀಕ್ಷೆ ಮುಗಿದ ಮೇಲೆ ನನ್ನನ್ನು ನೋಡಲು ಬರುವವರಿದ್ದಾರೆ. ವಹಿಯಲ್ಲಿ ಹೊಸ ಪುಟ ತೆರೆಯುವುದು. ಈ ಸಲ ಬರೆಯುವುದಿಲ್ಲವೆಂದು ಅಪ್ಪನಿಗೆ ತಿಳಿಸಿದ್ದೇನೆ. ಅಪ್ಪ ಇನ್ನೂ ಉತ್ತರ ಕೊಟ್ಟಿಲ್ಲ. ನನ್ನ ತಮ್ಮ ಬರುವ ವರುಷ ಇದೇ ಕಾಲೇಜಿಗೆ ಬರುತ್ತಾನೆ. ಮುಂದೆ ಎಂದಾದರೂ ಅವನು ಪಂಚಮಿಗೆ ನನ್ನನ್ನು ಕರೆಯಲು ಬಂದಾಗ ಅವನ ಚೀಲದಲ್ಲಿ ಸ್ಟಾಂಪ್ ಕಾಗದ ಇರದಿರಲಿ. ನನ್ನ ಪಾಲು ನನ್ನ ಹೆಸರಿನಲ್ಲಿದ್ದೂ ಅವನ ಬಾಗಿಲು ನನಗೆ ತೆರೆದಿರಲಿ. ಈ ಸಂಚಿಕೆಯನ್ನು ಓದುವ ಸಹೋದರರೇ, ಕಾಯದೆ ತನ್ನ ಕೆಲಸ ಮಾಡಿದೆ. ಇನ್ನು ಉಳಿದುದು ನಿಮ್ಮ ಮನೆಯ ಬಾಗಿಲು.