ವಿದ್ಯುತ್ ಕಾರಿಗೆ ದಾರಿಯಲ್ಲಿ ಚಾರ್ಜು: ಲಭ್ಯತೆ ಮತ್ತು ದರ

ಸದಸ್ಯ ಬಂಧುಗಳಲ್ಲಿ ಕೆಲವರು ಈಗಾಗಲೇ ವಿದ್ಯುತ್ ಕಾರು ಕೊಂಡಿದ್ದಾರೆ. ಇನ್ನು ಕೆಲವರು ಅಡಿಕೆ ಹಣ ಕೈಗೆ ಬಂದ ಮೇಲೆ ಕೊಳ್ಳುವ ಯೋಚನೆಯಲ್ಲಿದ್ದಾರೆ. ಸಂಘದ ಗೋದಾಮಿನ ಅಂಗಳದಲ್ಲಿ ವೇಗದ ಚಾರ್ಜಿಂಗ್ ಯಂತ್ರವೊಂದನ್ನು ಹಾಕಿಸಬೇಕೆಂಬ ಬೇಡಿಕೆ ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ಬರಲಿದೆ. ಖರ್ಚಾಗುವುದು ಎಲ್ಲರ ಷೇರು ಹಣವಾದ್ದರಿಂದ, ಕೈ ಎತ್ತುವ ಮೊದಲು ವಿಷಯವನ್ನು ತಿಳಿದಿರುವುದು ಒಳ್ಳೆಯದು.

ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು, 2017ರಲ್ಲಿ, ಪ್ರಕಟಿಸಿದ್ದು ನಮ್ಮ ರಾಜ್ಯ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲೂ 2024ರ ಕೇಂದ್ರ ಸರ್ಕಾರದ ಲೆಕ್ಕದಂತೆ ಕರ್ನಾಟಕವೇ ಮುಂದು, 5,000ಕ್ಕೂ ಮೇಲೆ. ಆದರೆ ಅವುಗಳ ಬಹುಪಾಲು ಇರುವುದು ಬೆಂಗಳೂರಿನಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರ ಇಂಧನ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ, 2030ರ ಹೊತ್ತಿಗೆ ನಗರಗಳಲ್ಲಿ ಒಂದು ಚದರ ಕಿಲೋಮೀಟರಿಗೊಂದು, ಹೆದ್ದಾರಿಗಳಲ್ಲಿ 20 ಕಿಲೋಮೀಟರಿಗೊಂದು ಕೇಂದ್ರ ಇರಬೇಕೆಂಬ ಗುರಿ ಇದೆ. ಹೆದ್ದಾರಿ ಬಿಟ್ಟು ಹತ್ತು ಹನ್ನೆರಡು ಕಿಲೋಮೀಟರ್ ಒಳಗಿರುವ ನಮ್ಮ ತೋಟಗಳಿಗೆ ಇದರಿಂದ ನೇರವಾಗಿ ಆಗುವ ಉಪಯೋಗ ಸ್ವಲ್ಪವೇ.

ಇನ್ನು ದರ. ವಾಹನ ಚಾರ್ಜು ಮಾಡಿಕೊಡಲು ವಿದ್ಯುತ್ ಮಾರಾಟದ ಪರವಾನಗಿ ಬೇಕಿಲ್ಲವೆಂದು 2018ರಲ್ಲಿ ಸ್ಪಷ್ಟವಾಯಿತು. ಅದು ಸೇವೆ, ಮಾರಾಟವಲ್ಲ. ಸೇವೆಯಾದ್ದರಿಂದಲೇ ಜಿ.ಎಸ್.ಟಿ.ಯೂ ಬಂತು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ಕೇಳಿದ ಪ್ರಶ್ನೆಗೆ 2023ರಲ್ಲಿ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ ಕೊಟ್ಟ ಉತ್ತರ ಇದೇ: ಶೇಕಡ 18 ತೆರಿಗೆ. ಮನೆಯ ಕರೆಂಟಿಗೆ ಈ ತೆರಿಗೆ ಇಲ್ಲ. ಹೀಗೆ ಕರೆಂಟಿನ ಬೆಲೆ, ಯಂತ್ರ ಇಟ್ಟವರ ಸೇವಾ ಶುಲ್ಕ, ತೆರಿಗೆ ಮೂರೂ ಕೂಡಿ ದಾರಿಯ ವೇಗದ ಯಂತ್ರದಲ್ಲಿ ಯೂನಿಟ್ಟಿಗೆ ಸಾಮಾನ್ಯವಾಗಿ 18ರಿಂದ 25 ರೂಪಾಯಿ ಬೀಳುತ್ತದೆ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ, ಅಂದರೆ ಸೂರ್ಯಶಕ್ತಿ ಹೇರಳವಾಗಿರುವ ವೇಳೆಯಲ್ಲಿ, ಕೇಂದ್ರಗಳಿಗೆ ಕರೆಂಟನ್ನು ಕಡಿಮೆ ದರಕ್ಕೆ ಕೊಡಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಆ ಲಾಭವನ್ನು ಯಂತ್ರದ ಮಾಲೀಕರು ನಮಗೆ ದಾಟಿಸುತ್ತಾರೋ ಇಲ್ಲವೋ ಎಂಬುದನ್ನು ಫೋನಿನ ಆ್ಯಪ್‌ನಲ್ಲಿ ದರ ನೋಡಿಯೇ ತಿಳಿಯಬೇಕು. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದರಲ್ಲೂ ಮುಂಗಡ ಹಣ. ಇದೊಂದು ತಲೆನೋವೇ ಸರಿ.

ಸಕಲೇಶಪುರದಿಂದ ಬೆಂಗಳೂರಿಗೆ ಸುಮಾರು 220 ಕಿಲೋಮೀಟರ್. ಯೂನಿಟ್ಟಿಗೆ ಆರೂವರೆ ಕಿಲೋಮೀಟರ್ ಓಡುವ ಕಾರಿಗೆ 34 ಯೂನಿಟ್ ಬೇಕು. ಮನೆಯ ಕರೆಂಟು ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ 238 ರೂಪಾಯಿ. ದಾರಿಯಲ್ಲಿ 22 ರೂಪಾಯಿಯಂತೆ 748. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ, ಲೀಟರಿಗೆ ನೂರೇ ರೂಪಾಯಿ ಎಂದುಕೊಂಡರೂ, 1,460ರ ಮೇಲೆ. ದಾರಿಯ ಚಾರ್ಜು ಪೆಟ್ರೋಲಿನ ಅರ್ಧ, ಮನೆಯ ಚಾರ್ಜಿನ ಮೂರು ಪಾಲು. ಆದ್ದರಿಂದ ಮನೆಯಲ್ಲಿ ತುಂಬಿಸಿಕೊಂಡು ಹೊರಟು, ದಾರಿಯಲ್ಲಿ ಕೊರತೆಯಷ್ಟನ್ನೇ ಹಾಕಿಸಿಕೊಳ್ಳುವುದು ಜಾಣತನ. ಶೇಕಡ 80 ದಾಟಿದ ಮೇಲೆ ವೇಗದ ಯಂತ್ರವೂ ನಿಧಾನವಾಗುತ್ತದೆ. ಅಲ್ಲಿಗೆ ಪ್ಲಗ್ ಕಿತ್ತು ಹೊರಡಬಹುದು.

ಘಾಟಿಯ ಲೆಕ್ಕ ಬೇರೆ. ಜನ ಸಮೇತ 1,600 ಕಿಲೋ ತೂಗುವ ಕಾರನ್ನು ಸಾವಿರ ಮೀಟರ್ ಮೇಲೇರಿಸಲು, ದೂರದ ಖರ್ಚು ಬಿಟ್ಟು, ಸುಮಾರು 5 ಯೂನಿಟ್ ಹೆಚ್ಚಿಗೆ ಬೇಕು. ಇಳಿಯುವಾಗ ಒಂದು ಪಾಲು ಬ್ಯಾಟರಿಗೆ ಹಿಂತಿರುಗುತ್ತದೆ, ಪೂರ್ತಿ ಅಲ್ಲ. ಮಂಗಳೂರಿಂದ ಮರಳುವವರು ಘಾಟಿಯ ಬುಡದಲ್ಲಿ ಮುಳ್ಳು ನೋಡಿಕೊಳ್ಳಲಿ.

ಮನೆಯಲ್ಲಿ 15 ಆಂಪಿಯರ್ ಸಾಕೆಟ್ ಸಾಕು. ಗಂಟೆಗೆ 3 ಯೂನಿಟ್ಟಿನಷ್ಟು ಸೇರುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ 30 ಯೂನಿಟ್. ಆದರೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಲಸವನ್ನೇ ಮಾಡುವುದಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ಗುಂಡಿಗೆ ನೀರು ಹಾಕುತ್ತಿರಬೇಕು. ಪಂಪ್‌ಸೆಟ್ಟಿನ ಲೈನಿನಿಂದ ಕಾರಿಗೆ ಎಳೆಯಬೇಡಿ. ಆ ಸಂಪರ್ಕ ಕೊಟ್ಟಿರುವುದು ನೀರಾವರಿಗೆ, ಸಿಕ್ಕಿಬಿದ್ದರೆ ದಂಡ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟು ಇಲ್ಲದಿರುವುದು ಹೊಸತಲ್ಲ; ಜೂನ್‌ನಿಂದ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದು ಕ್ಷೇಮ. ಪೇಟೆಯ ಚಾರ್ಜಿಂಗ್ ಕೇಂದ್ರವೂ ಅದೇ ಲೈನಿನ ಮೇಲಿದ್ದರೆ ಅದೂ ನಿಂತಿರುತ್ತದೆ.

ಈಗ ಸಂಘದ ಯಂತ್ರ. ಊಹೆಗೆ, ಎಲ್ಲ ಸೇರಿ 6 ಲಕ್ಷ ರೂಪಾಯಿ ಸಾಲ ಮಾಡಿ 30 ಕಿಲೋವ್ಯಾಟಿನ ಯಂತ್ರ ಹಾಕಿದೆವೆನ್ನಿ. ಶೇಕಡ 9ರಂತೆ ಬಡ್ಡಿಯೇ ತಿಂಗಳಿಗೆ 4,500. ದಿನಕ್ಕೆ ಎರಡು ಕಾರು, ತಲಾ 20 ಯೂನಿಟ್ ಎಂದರೆ ತಿಂಗಳಿಗೆ 1,200 ಯೂನಿಟ್. ಯೂನಿಟ್ಟಿಗೆ 5 ರೂಪಾಯಿ ಉಳಿದರೂ 6,000. ಇದರಲ್ಲಿ ಬಡ್ಡಿ, ಲೋಡಿಗೆ ಪ್ರತಿ ತಿಂಗಳೂ ಕಟ್ಟುವ ನಿಗದಿತ ಶುಲ್ಕ, ರಿಪೇರಿ ಎಲ್ಲ ಹೋಗಿ ಅಸಲು ತೀರುವುದು ಎಂದಿಗೆ? ದಿನಕ್ಕೆ ಎಂಟು ಹತ್ತು ಕಾರು ಬಂದರೆ ಮಾತು ಬೇರೆ. ಅಷ್ಟು ಗಿರಾಕಿ ಹೆದ್ದಾರಿಯ ಹೋಟೆಲಿಗೆ ಸಿಗಬಹುದು, ನಮ್ಮ ಗೋದಾಮಿಗಲ್ಲ. ಕಾಫಿ ತಂದ ಸದಸ್ಯರು ತೂಕ, ಪಾವತಿ ಮುಗಿಸುವ ಎರಡು ಗಂಟೆಯಲ್ಲಿ ಆರು ಯೂನಿಟ್, ಅಂದರೆ ಸುಮಾರು ನಲವತ್ತು ಕಿಲೋಮೀಟರ್ ಓಡುವಷ್ಟು, ಸಾಧಾರಣ ಸಾಕೆಟ್ಟಿನಿಂದಲೇ ಸಿಗುತ್ತದೆ. ಅಂಥ ಎರಡು ಸಾಕೆಟ್ಟು, ಪ್ರತ್ಯೇಕ ಮೀಟರು ಹಾಕಿ ಒಂದು ವರ್ಷ ನೋಡೋಣ ಎಂಬುದು ನನ್ನ ಅಭಿಪ್ರಾಯ.

ವಿದ್ಯುತ್ ಕಾರು, ಸ್ಕೂಟರ್ ಇರುವ ಸದಸ್ಯರು ಮತ್ತು ಈ ವರ್ಷ ಕೊಳ್ಳಲಿರುವವರು ಮಹಾಸಭೆಗೆ ಮೊದಲು ಕಛೇರಿಯಲ್ಲಿ ಹೆಸರು ಬರೆಸಬೇಕಾಗಿ ಕೋರಿದೆ. ಎಷ್ಟು ವಾಹನಗಳಿವೆ ಎಂಬ ಲೆಕ್ಕವನ್ನು ಸಭೆಯ ಮುಂದೆ ಇಡಲಾಗುವುದು.