ನಾಯಿಯೊಡನೆ ನರ್ತನ: ಗೆಲುವಿನ ಏಳು ಸೂತ್ರಗಳು

ಹಾಡಿಗೆ ನಾಯಿಯ ಜೊತೆ ಹೆಜ್ಜೆ ಹಾಕುವುದು ಬ್ರಿಟನ್ನಿನಲ್ಲಿ ನಿಯಮಬದ್ಧ ಕ್ರೀಡೆ. 1990ರ ದಶಕದಲ್ಲಿ ಮೇರಿ ರೇ ಎಂಬ ತರಬೇತುಗಾರ್ತಿ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಇದನ್ನು ಮನೆಮಾತಾಗಿಸಿದರು. 2012ರಲ್ಲಿ ಆಶ್ಲೀ ಬಟ್ಲರ್ ಮತ್ತು ಅವರ ನಾಯಿ ಪಡ್ಸಿ ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ ಎಂಬ ಟಿವಿ ಸ್ಪರ್ಧೆ ಗೆದ್ದರು. ನೀವೂ ಕಲಿಯಬೇಕೆಂದಿದ್ದರೆ ಈ ಸೂತ್ರಗಳನ್ನು ಪಾಲಿಸಿ.

1. ನಾಯಿಗೆ ತಕ್ಕ ಹಾಡು ಆರಿಸಿ. ತಾಳ ಹಿಡಿಯುವುದು ನಾಯಿಯ ಕೆಲಸವಲ್ಲ, ನಿಮ್ಮದು. ಅದು ಹಾಯಾಗಿ ಓಡುನಡಿಗೆಯಲ್ಲಿ ಸಾಗುವುದನ್ನು ಮೊಬೈಲಿನಲ್ಲಿ ಚಿತ್ರಿಸಿ, ನಿಮಿಷಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ. ಆ ಲಯದ ಹಾಡು ಹುಡುಕಿ. ಪೊಮೇರಿಯನ್‌ಗೆ ಚುರುಕು ಲಯ, ಲ್ಯಾಬ್ರಡಾರ್‌ಗೆ ನಿಧಾನ ಲಯ ಒಪ್ಪುತ್ತದೆ.

2. ವಿಭಾಗ ತಿಳಿದುಕೊಳ್ಳಿ. ಸ್ಪರ್ಧೆಯಲ್ಲಿ ಎರಡು ವಿಭಾಗಗಳಿವೆ. ‘ಹೀಲ್‌ವರ್ಕ್ ಟು ಮ್ಯೂಸಿಕ್’ನಲ್ಲಿ ನಾಯಿ ಹೆಚ್ಚು ಹೊತ್ತು ನಿಮ್ಮ ಮೈಗಂಟಿದಂತೆ ನಡೆಯಬೇಕು. ‘ಫ್ರೀಸ್ಟೈಲ್’ನಲ್ಲಿ ಸುತ್ತುವುದು, ಕಾಲ ಸಂದಿಯಲ್ಲಿ ನುಸುಳುವುದು, ದೂರದಿಂದಲೇ ಆಜ್ಞೆ ಪಾಲಿಸುವುದು ಮುಖ್ಯ. ನಿಮ್ಮ ನಾಯಿಯ ಸ್ವಭಾವ ಯಾವುದಕ್ಕೆ ಒಗ್ಗುತ್ತದೋ ಅದನ್ನೇ ಹಿಡಿಯಿರಿ.

3. ಎರಡೂ ಬದಿ ಪಳಗಿಸಿ. ಎಡಕ್ಕೆ ಮಾತ್ರ ನಡೆದು ರೂಢಿಯಾದ ನಾಯಿಗೆ ಬಲಬದಿ ಹೊಸ ಪಾಠ. ಪ್ರತಿ ಚಲನೆಯನ್ನೂ ಎರಡು ದಿಕ್ಕಿನಲ್ಲಿ ಕಲಿಸಿ.

4. ಬಿಡಿಬಿಡಿಯಾಗಿ ಕಲಿಸಿ. ಒಂದು ಸುತ್ತು ಸರಿಬಂದ ಕ್ಷಣವೇ ಕ್ಲಿಕ್ಕರ್ (ಒತ್ತಿದರೆ ‘ಕ್ಲಿಕ್’ ಎನ್ನುವ ಪುಟ್ಟ ಸಾಧನ) ಒತ್ತಿ, ತಿನಿಸು ಕೊಡಿ. ಒಂದು ಸಲದ ಅಭ್ಯಾಸಕ್ಕೆ ನಾಲ್ಕೈದು ನಿಮಿಷ ಸಾಕು. ನಾಯಿಗೆ ಇನ್ನೂ ಬೇಕೆನಿಸುವಾಗಲೇ ನಿಲ್ಲಿಸಿ. ಗದರಿಕೆ ಬೇಡ, ಹೆದರಿದ ನಾಯಿಯ ಬಾಲದಲ್ಲೇ ತೀರ್ಪುಗಾರರಿಗೆ ಎಲ್ಲವೂ ಗೊತ್ತಾಗುತ್ತದೆ.

5. ಕೊನೆಯಿಂದ ಜೋಡಿಸಿ. ಕಡೆಯ ಚಲನೆಯನ್ನು ಮೊದಲು ಗಟ್ಟಿ ಮಾಡಿ, ಅದರ ಹಿಂದಿನದನ್ನು ಸೇರಿಸುತ್ತ ಬನ್ನಿ. ಪ್ರದರ್ಶನ ಮುಂದುವರಿದಂತೆ ನಾಯಿ ಚೆನ್ನಾಗಿ ಬಲ್ಲ ಭಾಗಕ್ಕೇ ಬರುವುದರಿಂದ ಅದರ ಹುರುಪು ಏರುತ್ತದೆ.

6. ತಿನಿಸನ್ನು ದೂರ ಮಾಡಿ. ಸ್ಪರ್ಧೆಯ ಅಂಕಣದಲ್ಲಿ ತಿನಿಸು, ಆಟಿಕೆ ಸಲ್ಲದು. ಮೊದಲು ಒಂದು ಚಲನೆಗೆ, ಆಮೇಲೆ ಮೂರಕ್ಕೆ, ಕೊನೆಗೆ ಇಡೀ ಹಾಡಿಗೆ ಒಮ್ಮೆ ಬಹುಮಾನ ಕೊಡಿ. ಕೈಸನ್ನೆಗಳನ್ನೂ ನಿಮ್ಮ ನೃತ್ಯದ ಭಾಗವಾಗಿಸಿ.

7. ಮೈ ಕಾಪಾಡಿ. ಮರಿಗೆ ಮೂಳೆ ಬಲಿಯುವ ತನಕ ಜಿಗಿತ, ಹಿಂಗಾಲಿನ ನಡಿಗೆ ಬೇಡ. ಜಾರುವ ಟೈಲ್ಸ್ ಮೇಲೆ ಚಾಪೆ ಹಾಸಿ. ಬಿಸಿಲೇರುವ ಮುಂಚೆ ಅಭ್ಯಾಸ ಮುಗಿಸಿ. ನಮಗಿಂತ ಸೂಕ್ಷ್ಮ ಕಿವಿ ಅದರದು. ಹಾಡಿನ ಸದ್ದು ತಗ್ಗಿಸಿ.

ಅಂಕ ಸಿಗುವುದು ನೃತ್ಯದ ಹೂರಣ, ನಿಖರತೆ, ಸಂಗೀತದೊಡನೆ ಹೊಂದಾಣಿಕೆ ಈ ಮೂರಕ್ಕೆ. ಮೂರಕ್ಕೂ ಬೇಕಾದದ್ದು ಖುಷಿಯಿಂದ ಕುಣಿಯುವ ನಾಯಿ. ಇವತ್ತೇ ಅದರ ಹೆಜ್ಜೆ ಎಣಿಸಿ.